ತೇಪೆ ಹಾಕಿದ ತಾರಸಿಗೆ ತಾಕತ್ತೆಷ್ಟು?

ಕರಾವಳಿಯ ಹಳೆಯ ಆರ್‌ಸಿಸಿ ಮನೆಗಳಲ್ಲಿ ತಾರಸಿಯ ಅಡಿಯಿಂದ ಕಾಂಕ್ರೀಟ್ ಚಕ್ಕೆಚಕ್ಕೆಯಾಗಿ ಉದುರುವುದುಂಟು. ಉಪ್ಪುಗಾಳಿಯ ಕ್ಲೋರೈಡ್ ತೇವದೊಂದಿಗೆ ಒಳಗಿಳಿದು ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು; ಆ ಒತ್ತಡಕ್ಕೆ ಸರಳನ್ನು ಮುಚ್ಚಿದ ಕಾಂಕ್ರೀಟ್ ಪದರ (ಕವರ್) ಸಿಡಿಯುತ್ತದೆ. ಸಡಿಲವಾದದ್ದನ್ನು ಕೆತ್ತಿ, ಹೊಸ ಗಾರೆ ಮೆತ್ತಿ, ಬಣ್ಣ ಬಳಿದರೆ ಮನೆಯವರಿಗೆ ಸಮಾಧಾನ.

ಆದರೆ ಸ್ಲ್ಯಾಬ್ ಈಗ ಎಷ್ಟು ಭಾರ ಹೊರುತ್ತದೆ?

ಭಾರಕ್ಕೆ ಬಾಗಿದ ಸ್ಲ್ಯಾಬಿನ ನಡುಭಾಗದಲ್ಲಿ ಮೇಲ್ಮೈ ಅದುಮಿಕೊಳ್ಳುತ್ತದೆ, ಅಡಿ ಹಿಗ್ಗುತ್ತದೆ. ಹಿಗ್ಗಿಸುವ ಸೆಳೆತವನ್ನು ತಾಳುವುದು ಸರಳು, ಗಾರೆಯಲ್ಲ. ಹಾಗಾಗಿ ಎಂಜಿನಿಯರ್ ಲೆಕ್ಕ ಶುರುವಾಗುವುದು ತುಕ್ಕು ಉಜ್ಜಿ ತೆಗೆದ ಸರಳಿನ ದಪ್ಪದಿಂದ. 10 ಮಿ.ಮೀ. ಸರಳು ಸವೆದು 8 ಮಿ.ಮೀ. ಆದರೆ ನಷ್ಟ ಸಣ್ಣದೆನಿಸಬಹುದು. ಅದರ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ ಶೇ. 36ರಷ್ಟು ಕುಗ್ಗಿರುತ್ತದೆ, ಸ್ಲ್ಯಾಬಿನ ಬಾಗು ತಾಳುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆ ಕೊರತೆಯನ್ನು ಹೊಸ ಸರಳು ಸೇರಿಸಿ ತುಂಬಬೇಕು.

ಸೇರಿಸುವ ಕ್ರಮವೂ ಮುಖ್ಯ. ಮೊದಲೇ ಜಾಕ್ ಕೊಟ್ಟು ಭಾರ ಇಳಿಸದಿದ್ದರೆ, ಹೊಸ ಸರಳು ಮುಂದೆ ಬೀಳುವ ಭಾರದಲ್ಲಷ್ಟೇ ಪಾಲು ಪಡೆಯುತ್ತದೆ. ಇರುವ ತೂಕವನ್ನೆಲ್ಲ ಸವೆದ ಸರಳೇ ಹೊತ್ತಿರುತ್ತದೆ. ಹಳೆಯ ಕಾಂಕ್ರೀಟಿಗೆ ಹೊಸ ಗಾರೆ ಗಟ್ಟಿಯಾಗಿ ಅಂಟಿದೆಯೇ ಎಂದು ತಿಳಿಯಲು ಲೋಹದ ಬಿಲ್ಲೆ ಅಂಟಿಸಿ ಎಳೆದು ನೋಡುತ್ತಾರೆ. ಕಡಿಮೆ ಬಲಕ್ಕೇ ಸಂದಿಯಲ್ಲಿ ಕಿತ್ತು ಬಂದರೆ ತೇಪೆ ಹಿಡಿದಿಲ್ಲ ಎಂದರ್ಥ.

ಲೆಕ್ಕ ಅನುಮಾನ ಉಳಿಸಿದರೆ ಭಾರ ಹೇರಿಯೇ ಪರೀಕ್ಷಿಸಬಹುದು. ಭಾರತೀಯ ಮಾನಕ ಐಎಸ್ 456ರ ಪ್ರಕಾರ, ಸ್ವಂತ ತೂಕದ ಜೊತೆಗೆ ಬಳಕೆಯ ಭಾರದ 1.25 ಪಟ್ಟನ್ನು 24 ಗಂಟೆ ಹೊರಿಸಬೇಕು. ವಾಸದ ಕೋಣೆಯಲ್ಲಿ ಇದು ಚದರ ಮೀಟರಿಗೆ ಸುಮಾರು 250 ಕಿಲೋ, ಅಂದರೆ 25 ಸೆಂ.ಮೀ. ನೀರು ನಿಲ್ಲಿಸಿದಷ್ಟು. ಭಾರ ತೆಗೆದ 24 ಗಂಟೆಯೊಳಗೆ ಬಾಗಿದ್ದರಲ್ಲಿ ಶೇ. 75ರಷ್ಟು ಮರಳಬೇಕು. ಮರಳದಿದ್ದರೆ 72 ಗಂಟೆ ಬಿಟ್ಟು ಮತ್ತೊಮ್ಮೆ ಪರೀಕ್ಷೆ; ಆಗಲೂ ಶೇ. 80 ಮರಳದಿದ್ದರೆ ಸ್ಲ್ಯಾಬನ್ನು ಒಪ್ಪುವಂತಿಲ್ಲ. 3.5 ಮೀಟರ್ ಅಂತರದ, 125 ಮಿ.ಮೀ. ದಪ್ಪದ ಸ್ಲ್ಯಾಬ್ 3.9 ಮಿ.ಮೀ.ಗಿಂತ ಕಡಿಮೆ ಬಾಗಿದ್ದರೆ ಮರಳಿದ್ದನ್ನು ಅಳೆಯುವ ಅಗತ್ಯವೇ ಇಲ್ಲ.

ಮನೆಯವರು ಕೇಳಿ ಪಡೆಯಬೇಕಾದ ದಾಖಲೆ ಒಂದಿದೆ: ಕೆತ್ತಿದ ಪ್ರತಿ ಜಾಗದಲ್ಲಿ ಉಳಿದ ಸರಳಿನ ದಪ್ಪ, ಫೋಟೋ ಸಮೇತ. ಗಾರೆ ಮುಚ್ಚಿದ ಮೇಲೆ ಅದನ್ನು ನೇರವಾಗಿ ಅಳೆಯಲು ಮತ್ತೆ ಕೆತ್ತಬೇಕಾಗುತ್ತದೆ.