ಕುಸಿಯುವ ಬೆಟ್ಟದ ಮೇಲೊಂದು ಊರು

ಇಟಲಿಗೆ ಹೋದವರಲ್ಲಿ ಹೆಚ್ಚಿನವರು ರೋಮಿನ ಕೊಲೋಸಿಯಂ ಮುಂದೆ ಫೋಟೋ ತೆಗೆಸಿಕೊಂಡು ಹಿಂತಿರುಗುತ್ತಾರೆ. ಅಲ್ಲಿಂದ ರೈಲಿನಲ್ಲಿ ಉತ್ತರಕ್ಕೆ ಗಂಟೆ, ಒಂದೂವರೆ ಗಂಟೆ ಸಾಗಿದರೆ ಓರ್ವಿಯೆಟೊ ಎಂಬ ಬೆಟ್ಟದ ಊರು. ಅದರ ಬಂಡೆಯ ಬುಡದಲ್ಲಿ, ರೋಮನ್ನರಿಗೂ ಮುಂಚೆ ಆ ಸೀಮೆಯನ್ನು ಆಳಿದ ಎಟ್ರಸ್ಕನ್ನರ ಸ್ಮಶಾನವಿದೆ. ಕ್ರಿ.ಪೂ. 6ನೇ ಶತಮಾನದ ಕಲ್ಲಿನ ಗೋರಿಗಳು ಬೀದಿಯ ಮನೆಗಳಂತೆ ಸಾಲಾಗಿ ನಿಂತಿವೆ. ಬಾಗಿಲ ಮೇಲೆ ಯಜಮಾನನ ಹೆಸರು ಬೇರೆ!

ಎಟ್ರಸ್ಕನ್ನರೇ ಕಟ್ಟಿದ ‘ಚಿವಿತಾ ದಿ ಬಾನ್ಯೊರೇಜೊ’ಗೆ ಇಲ್ಲಿಂದ ಬಸ್ಸಿನ ದಾರಿ. ಇಟಲಿಯಲ್ಲಿ ಅದಕ್ಕೆ ‘ಸಾಯುತ್ತಿರುವ ಊರು’ ಎಂದೇ ಹೆಸರು. ಕಾರಣ ಭೂಗೋಳದ ಪಾಠದಷ್ಟೇ ಸರಳ. ಮೇಲೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು, ಕೆಳಗೆ ಜೇಡಿಮಣ್ಣು. ಮಳೆನೀರು, ತೊರೆಗಳು ಜೇಡಿಯನ್ನು ಕೊರೆದಂತೆಲ್ಲ ಅಂಚಿನ ಬಂಡೆ ಮನೆಗಳ ಸಮೇತ ಕಣಿವೆಗೆ ಕಳಚಿ ಬೀಳುತ್ತದೆ. 1695ರ ಭೂಕಂಪದ ನಂತರ ಬಹಳ ಜನ ಪಕ್ಕದ ಬಾನ್ಯೊರೇಜೊಗೆ ಗುಳೆ ಹೋದರು. 13ನೇ ಶತಮಾನದ ಸಂತ ಬೊನವೆಂತುರಾ ಬಾಲ್ಯ ಕಳೆದ ಮನೆಯೂ ಈಗಿಲ್ಲ.

ಊರನ್ನು ತಲುಪಲು 1965ರಲ್ಲಿ ಕಟ್ಟಿದ ಕಾಲುಸೇತುವೆಯೇ ದಾರಿ. ಪ್ರವಾಸಿಗಳು ಕಡಿದಾದ ಏರನ್ನು ನಡೆದೇ ಹತ್ತಬೇಕು. 2013ರಿಂದ ಪ್ರವೇಶಕ್ಕೆ ಟಿಕೆಟ್ಟೂ ಉಂಟು. ಗೊಣಗುವುದು ಬೇಡ; ಊರು ಉಸಿರಾಡುತ್ತಿರುವುದು ಆ ಹಣದಿಂದಲೇ. ಹಗಲು ಓಣಿಗಳು ಗಿಜಿಗುಡುತ್ತವೆ. ವರ್ಷವಿಡೀ ಅಲ್ಲೇ ವಾಸಿಸುವವರು ಮಾತ್ರ ಹತ್ತು ಹದಿನೈದು ಮಂದಿ, ಜತೆಗೆ ಒಂದಷ್ಟು ಬೆಕ್ಕುಗಳು.