ಹಿತ್ತಲಲ್ಲೊಂದು ಅಳಿಲುಗಳ ಊರು

ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಹಿಂಬಾಗಿಲ ಮೆಟ್ಟಿಲಲ್ಲಿ ಒಂದು ಗಳಿಗೆ ಕುಳಿತಾಗ ‘ಚಿಕ್ ಚಿಕ್ ಚಿಕ್’ ಎಂಬ ಸದ್ದು ನಿಮ್ಮ ಕಿವಿಗೂ ಬಿದ್ದಿರಬಹುದು. ಹಲಸಿನ ಮರಕ್ಕೆ ತಲೆಕೆಳಗಾಗಿ ಅಂಟಿಕೊಂಡು, ಪ್ರತಿ ಕೂಗಿಗೂ ಬಾಲ ಕುಣಿಸುವ ಅಳಿಲಿನ ಸದ್ದು ಅದು. ಬೆನ್ನ ಮೇಲೆ ಮೂರು ಬಿಳಿ ಗೆರೆಗಳು. ಉತ್ತರ ಭಾರತದ ಊರುಗಳಲ್ಲಿ ಕಾಣುವ ಅಳಿಲಿಗೆ ಐದು ಗೆರೆಗಳಿರುತ್ತವೆ. ಹೆಚ್ಚಿನ ಸಲ ಅದು ಸುಮ್ಮನೆ ಕೂಗುವುದಿಲ್ಲ. ಎಲ್ಲೋ ಒಂದು ಬೆಕ್ಕು ಕಂಡಿರುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ನನ್ನ ಮಗಳಿಗೆ ಒಂಬತ್ತು ವರ್ಷ. ಶಾಲೆಯಿಲ್ಲ, ಗೆಳತಿಯರಿಲ್ಲ, ಗೇಟಿನಾಚೆ ಹೋಗುವಂತಿಲ್ಲ. ಅದೇ ದಿನಗಳಲ್ಲಿ ಅಮೆರಿಕದಲ್ಲಿ ಬೇಲಿಗೆ ಪುಟ್ಟ ಮರದ ಮೇಜು, ಬೆಂಚು ಜೋಡಿಸಿ ಅಳಿಲುಗಳಿಗೆ ಊಟವಿಡುವ ಹುಚ್ಚು ಹರಡಿತ್ತು. ಮೊಬೈಲಿನಲ್ಲಿ ಅದನ್ನು ಕಂಡ ಮಗಳು “ಉಮ್ಮಾ, ನಾವು ಒಂದು ಊರನ್ನೇ ಮಾಡೋಣ” ಎಂದಳು. ಹಣ್ಣಿನ ಪೆಟ್ಟಿಗೆಯ ಹಲಗೆಯಿಂದ ಗೋಡೆ, ಅಡಿಕೆ ಹಾಳೆಯಿಂದ ಮಾಡು, ಗೆರಟೆಯಿಂದ ಬಾವಿ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕಟ್ಟೆಯ ಮೇಲೆ ಐದು ಮನೆಗಳು ಎದ್ದವು. ಒಂದಕ್ಕೆ ‘ರೇಷನ್ ಅಂಗಡಿ’, ಇನ್ನೊಂದಕ್ಕೆ ‘ಬಸ್ ಸ್ಟ್ಯಾಂಡ್’ ಎಂದು ಬರೆದಳು. ಬಸ್ ಸ್ಟ್ಯಾಂಡಿಗೆ ಒಂದು ಅಳಿಲೂ ಬರಲಿಲ್ಲ. “ಬಸ್ಸೇ ಇಲ್ಲವಲ್ಲ, ಯಾಕೆ ಬರಬೇಕು?” ಎಂದು ನನ್ನ ಅತ್ತೆ ನಕ್ಕರು.

ರೇಷನ್ ಅಂಗಡಿಗೆ ಮಾತ್ರ ನಾಲ್ಕೇ ದಿನಗಳಲ್ಲಿ ಗಿರಾಕಿಗಳು ಬಂದರು. ಮೊದಲು ಒಂದು, ಆಮೇಲೆ ಮೂರು. ಮೇ ತಿಂಗಳಲ್ಲಿ ಬಾಲ ಇನ್ನೂ ಸರಿಯಾಗಿ ತುಂಬದ ಒಂದು ಮರಿಯೂ ತಾಯಿಯ ಹಿಂದೆ ಇಳಿದು ಬರತೊಡಗಿತು. ಮಗಳು ಅದಕ್ಕೆ ಹೆಸರಿಟ್ಟಳು. ಹೆಸರಿಡಬಾರದಿತ್ತೋ ಏನೋ.

ಒಂದು ಬೆಳಿಗ್ಗೆ ಬಟ್ಟೆ ಒಗೆಯಲು ಹೋದಾಗ ಕ್ರೋಟನ್ ಕುಂಡಗಳ ಹಿಂದೆ ನನಗೆ ಬಾಲದ ತುಂಡು ಮಾತ್ರ ಸಿಕ್ಕಿತು. ಪಕ್ಕದಲ್ಲೇ ಬೆಕ್ಕು ಕುಳಿತಿದ್ದ ಗುರುತಿತ್ತು. ಬಾಲವನ್ನು ಬಾಳೆಯ ಬುಡದಲ್ಲಿ ಹೂತು, “ಮರಿ ತಾಯಿಯ ಜೊತೆ ಬೇರೆ ಮರಕ್ಕೆ ಹೋಗಿರಬೇಕು” ಎಂದು ಮಗಳಿಗೆ ಹೇಳಿಬಿಟ್ಟೆ. ಮೂರು ದಿನ ಅವಳು ಮರಗಳನ್ನೆಲ್ಲ ನೋಡುತ್ತಾ ತಿರುಗಿದಳು. ನಾಲ್ಕನೆಯ ದಿನ ಬಾಳೆಯ ಬುಡ ಕೆದಕಿದ ಕೋಳಿ ನನ್ನ ಸುಳ್ಳನ್ನು ಬಯಲು ಮಾಡಿತು. ಅವಳು ಅಳಲಿಲ್ಲ. ರಾತ್ರಿ ಮಲಗುವಾಗ ಕೇಳಿದಳು: “ನಾವು ಊಟ ಇಡದಿದ್ದರೆ ಅದು ಕೆಳಗೆ ಬರ್ತಾ ಇರಲಿಲ್ಲ ಅಲ್ವಾ?”

ಹೌದು, ಬರುತ್ತಿರಲಿಲ್ಲ. ಎರಡನೆಯ ಸಲ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. ಮರದ ಮೇಲೆ ಬದುಕುವ ಜೀವಿಯನ್ನು ನಾವೇ ಬೆಕ್ಕಿನ ಬಾಯಿಯ ಎತ್ತರಕ್ಕೆ ಕರೆದಿದ್ದೆವು. ನಿಮ್ಮ ಮಕ್ಕಳೂ ಇಂಥ ಊರು ಬೇಕೆಂದು ಹಟ ಹಿಡಿದರೆ ಗೊಂಬೆಮನೆಯ ಅಂದಕ್ಕಿಂತ ಮೊದಲು ಇದನ್ನು ಯೋಚಿಸಿ.

ನಾವು ಎರಡನೆಯ ಊರು ಕಟ್ಟಿದ್ದು ಹೀಗೆ. ಗೋಡೆಯಿಂದಲೂ ಮರದಿಂದಲೂ ಎಂಟು ಅಡಿ ದೂರದಲ್ಲಿ ಒಂದು ಕಬ್ಬಿಣದ ಪೈಪು ನೆಟ್ಟು, ಆರೂವರೆ ಅಡಿ ಎತ್ತರದಲ್ಲಿ ಹಲಗೆ ಕೂರಿಸಿದೆವು. ತೆಂಗಿನ ತೋಟಗಳಲ್ಲಿ ಇಲಿ ಹತ್ತದಂತೆ ಮರಕ್ಕೆ ತಗಡು ಸುತ್ತುವುದನ್ನು ನೀವು ನೋಡಿರಬಹುದು. ಅದೇ ರೀತಿ ಎಣ್ಣೆ ಡಬ್ಬಿಯ ತಗಡನ್ನು ಬಿಡಿಸಿ ಪೈಪಿನ ಮೇಲ್ಭಾಗಕ್ಕೆ ಅಗಲವಾಗಿ ಸುತ್ತಿದೆವು. ಹಾಗಾದರೆ ಅಳಿಲು ಬರುವುದು ಹೇಗೆ? ಹಲಸಿನ ಕೊಂಬೆಯಿಂದ ಹಲಗೆಗೆ ತೆಂಗಿನ ನಾರಿನ ಸಪೂರ ಹಗ್ಗವೊಂದನ್ನು ಎಳೆದೆವು. ಹಲಗೆಯ ಕಡೆಯ ತುದಿಯನ್ನು ಗಂಟು ಹಾಕದೆ, ಮಲ್ಲಿಗೆ ಕಟ್ಟುವ ಒಣ ಬಾಳೆನಾರಿನ ಒಂದೇ ಎಳೆಯಿಂದ ಬಿಗಿದೆವು. ಅಳಿಲಿನ ತೂಕ ನೂರು ಗ್ರಾಂ ಆಸುಪಾಸು, ಬೆಕ್ಕು ಮೂರು ಕಿಲೋಗೆ ಕಡಿಮೆಯಿಲ್ಲ. ಅಳಿಲಿನ ಭಾರಕ್ಕೆ ನಾರು ನಿಲ್ಲುತ್ತದೆ, ಬೆಕ್ಕು ಕಾಲಿಟ್ಟರೆ ಹರಿಯುತ್ತದೆ. ಈ ಉಪಾಯ ಅತ್ತೆಯವರದ್ದು.

ಮನೆಗಳಿಗೆ ಎರಡೆರಡು ಬಾಗಿಲು ಇಡಿ, ತಲಾ ಎರಡು ಇಂಚು ಸಾಕು. ಒಂದೇ ಬಾಗಿಲಿದ್ದರೆ ಅದು ಬೋನು. ಬಣ್ಣ ಬೇಡ. ಅಳಿಲಿನ ಮುಂದಿನ ಹಲ್ಲುಗಳು ಜೀವನವಿಡೀ ಬೆಳೆಯುತ್ತಲೇ ಇರುತ್ತವೆ, ಸವೆಸಲು ಅದು ಕಂಡದ್ದನ್ನೆಲ್ಲ ಕಡಿಯುತ್ತದೆ. ಬಣ್ಣ, ಪ್ಲಾಸ್ಟಿಕ್, ಥರ್ಮೋಕೋಲ್ ಎಲ್ಲವೂ ಹೊಟ್ಟೆಗೆ ಹೋಗುತ್ತವೆ. ಅದು ಅಲ್ಲಿ ಸಂಸಾರ ಹೂಡುತ್ತದೆಂದು ಕಾಯಬೇಡಿ. ನಾರು, ಹುಲ್ಲು, ಹತ್ತಿ, ಒಣಹಾಕಿದ ಬಟ್ಟೆಯಿಂದ ಕಿತ್ತ ನೂಲು ಎಲ್ಲವನ್ನೂ ಒಯ್ದು ಕೊಂಬೆಯ ಕವಲಿನಲ್ಲೋ ಮಾಡಿನ ಸಂದಿಯಲ್ಲೋ ಗೂಡು ಕಟ್ಟಿ, ಎರಡೋ ಮೂರೋ ಮರಿ ಹಾಕುತ್ತದೆ. ನಮ್ಮ ಊರು ಅದಕ್ಕೆ ಬರೀ ಹೋಟೆಲು.

ಊಟದ ವಿಷಯದಲ್ಲಿ ನಮ್ಮ ಧಾರಾಳ ಗುಣವೇ ಅಪಾಯ. ದಿನಕ್ಕೆ ಒಂದು ಹಿಡಿ ಸಾಕು. ಪೇರಳೆ, ಚಿಕ್ಕು, ಪಪ್ಪಾಯಿಯ ತುಂಡು, ಸೌತೆಕಾಯಿ, ನೆನೆಸಿದ ಕಡಲೆ, ತೆಂಗಿನಕಾಯಿಯ ಚೂರು. ನೆಲಗಡಲೆಯನ್ನು ಉಪ್ಪಿಲ್ಲದೆ ಹುರಿದು ನಾಲ್ಕೈದು ಕಾಳು ಮಾತ್ರ. ಮನೆಯವರು ತಿನ್ನಲು ಒಲ್ಲದ ಮುಗ್ಗಿದ ನೆಲಗಡಲೆಯನ್ನು ದಯವಿಟ್ಟು ಅಳಿಲಿಗೆ ಹಾಕಬೇಡಿ, ಆ ಬೂಷ್ಟಿನಲ್ಲಿ ಯಕೃತ್ತನ್ನು ಕೆಡಿಸುವ ವಿಷವಿರುತ್ತದೆ. ಬಿಸ್ಕತ್ತು, ಮಿಕ್ಸ್‌ಚರ್, ಉಳಿದ ಬಿರಿಯಾನಿ ಬೇಡವೇ ಬೇಡ. ಬೇಸಿಗೆಯಲ್ಲಿ ಊಟಕ್ಕಿಂತ ನೀರು ಮುಖ್ಯ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಒಂದು ಇಂಚು ನೀರು ಹಾಕಿ, ದಿನವೂ ಬದಲಿಸಿ.

ನಮ್ಮಲ್ಲಿ ಒಂದು ನಿಯಮ ಕಟ್ಟುನಿಟ್ಟು. ಮಗ್ರಿಬ್ ಬಾಂಗ್ ಕೇಳುವ ಮೊದಲು ತಟ್ಟೆ ಖಾಲಿಯಾಗಿರಬೇಕು. ಅಳಿಲು ಹಗಲಿನ ಜೀವಿ, ಕತ್ತಲಾದ ಮೇಲೆ ಉಳಿದದ್ದನ್ನು ಹುಡುಕಿ ಬರುವುದು ಇಲಿ. ಕರಾವಳಿಯಲ್ಲಿ ಇಲಿಜ್ವರದ ಭಯ ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ವಾರಕ್ಕೊಮ್ಮೆ ಮನೆಗಳನ್ನೂ ತಟ್ಟೆಗಳನ್ನೂ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಬೇಕು. ಮೊದಲ ತಿಂಗಳ ಉತ್ಸಾಹ ಇಳಿದ ಮೇಲೆ ಈ ಕೆಲಸ ಯಾರ ಪಾಲಿಗೆ ಬರುತ್ತದೆಂದು ಓದುಗ ಸೋದರಿಯರಿಗೆ ಗೊತ್ತಿದೆ! ಮಳೆಗಾಲಕ್ಕೆ ಮುನ್ನ ವಾರದುದ್ದಕ್ಕೂ ಊಟ ಕಡಿಮೆ ಮಾಡುತ್ತಾ ಬಂದು, ಇಡೀ ಊರನ್ನೇ ಕಳಚಿ ಒಳಗಿಡುತ್ತೇವೆ. ಒದ್ದೆ ಹಲಗೆಯಲ್ಲಿ ಬೂಷ್ಟು ಬಾರದೆ ಇರದು. ಹೊರಗೆ ಅವುಗಳಿಗೆ ಹಣ್ಣು, ಚಿಗುರು, ಹುಳ ಇದ್ದೇ ಇವೆ.

ಕೈಯಿಂದ ತಿನ್ನಿಸುವ ಆಸೆ ಮಕ್ಕಳಿಗಿರುತ್ತದೆ. ಬಿಡಬೇಡಿ. ಕಚ್ಚಿದರೆ ಗಾಯವನ್ನು ಸೋಪು, ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಬೇಕು. ಗೂಡಿನಿಂದ ಮರಿ ಬಿದ್ದರೆ ಒಳಗೆ ತಂದು ಹಸುವಿನ ಹಾಲು ಕುಡಿಸುವವರೇ ಹೆಚ್ಚು. ಮರಿಗೆ ಗಾಯವಿಲ್ಲದಿದ್ದರೆ ಬಟ್ಟೆ ಹಾಸಿದ ಬುಟ್ಟಿಯಲ್ಲಿಟ್ಟು ಅದೇ ಮರದ ಬುಡದಲ್ಲಿ ಇಡಿ, ದೂರದಿಂದ ಬೆಕ್ಕನ್ನು ಕಾಯಿರಿ. ತಾಯಿ ಬಂದು ಬಾಯಲ್ಲಿ ಕಚ್ಚಿ ಒಯ್ಯುವುದನ್ನು ನಾವು ಎರಡು ಸಲ ಕಂಡಿದ್ದೇವೆ.

ಇನ್ನೊಂದು ಮಾತು ಪಕ್ಕದ ಮನೆಯವರ ಬಗ್ಗೆ. ಅಳಿಲು ಕೊಕ್ಕೋ ಕಾಯಿಯನ್ನು ತೂತು ಮಾಡಿ ಒಳಗಿನ ತಿರುಳು ತಿನ್ನುತ್ತದೆ, ಚಿಕ್ಕುವನ್ನೂ ಬಿಡುವುದಿಲ್ಲ. ನಮ್ಮ ನೆರೆಯವರಿಗೆ ಕೊಕ್ಕೋ ತೋಟವಿದೆ. “ನೀವು ಸಾಕುತ್ತೀರಿ, ನಾವು ಕಳೆದುಕೊಳ್ಳುತ್ತೇವೆ” ಎಂದು ಅವರು ಒಮ್ಮೆ ನೇರವಾಗಿಯೇ ಹೇಳಿದರು. ತಪ್ಪೇನಿಲ್ಲ. ಒಂದು ಹಿಡಿಯ ಲೆಕ್ಕ ಬಿಗಿಯಾದದ್ದು ಅಂದಿನಿಂದಲೇ. ಕೊಕ್ಕೋ ಹಣ್ಣಾಗುವ ತಿಂಗಳುಗಳಲ್ಲಿ ನೀರು ಮಾತ್ರ ಇಡುತ್ತೇವೆ. ನಿಮ್ಮ ಸುತ್ತ ತೋಟಗಳಿದ್ದರೆ ಊರು ಕಟ್ಟುವ ಮೊದಲು ಬೇಲಿಯಾಚೆ ಒಂದು ಮಾತು ಕೇಳಿ.

ಮಗಳು ಈಗ ಹೈಸ್ಕೂಲು ಮುಗಿಸುವ ವಯಸ್ಸಿಗೆ ಬಂದಿದ್ದಾಳೆ. ತಟ್ಟೆ ತೊಳೆಯುವುದು ನನ್ನ ಪಾಲಿಗೇ ಬಂದಿದೆ. ಹಾಳೆಯ ಮಾಡು ಬದಲಿಸುವುದು ಅವಳ ತಂದೆ. ಆದರೆ ಮಳೆ ನಿಂತು ಊರನ್ನು ಹೊರಗಿಡುವ ದಿನ ಹಗ್ಗದ ಕೆಲಸಕ್ಕೆ ಅವಳು ಯಾರನ್ನೂ ಬಿಡುವುದಿಲ್ಲ. ಹೊಸ ಬಾಳೆನಾರು ಬಿಗಿದು, ಅಡುಗೆ ಮನೆಯಿಂದ ಮೂರು ಕಿಲೋ ಅಕ್ಕಿಯ ಚೀಲ ತಂದು ಹಗ್ಗಕ್ಕೆ ತೂಗುಹಾಕುತ್ತಾಳೆ. ಈ ಸಲವೂ ಹಾಗೇ ಮಾಡಿದಳು. ನಾರು ಪಟ್ಟನೆ ಹರಿದು ಚೀಲ ಕೆಳಗೆ ಬಿತ್ತು. “ಸರಿ ಇದೆ” ಎಂದು ಚೀಲದ ಮಣ್ಣು ಕೊಡವಿ ನನ್ನ ಕೈಗೆ ಕೊಟ್ಟು, ಇನ್ನೊಂದು ಎಳೆ ನಾರು ತೆಗೆದುಕೊಂಡಳು.