ಒಂದು ಪೆಟ್ಟಿಗೆಯೊಳಗೆ ಐದು ದನಿ

ಕಳೆದ ವರ್ಷ ಆಗಮನಕಾಲದ ಮೊದಲ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಗಾನವೃಂದದ ಹಾರ್ಮೋನಿಯಂ ಮೇಷ್ಟ್ರು ತಮ್ಮ ಪೆಟ್ಟಿಗೆಯ ಮುಚ್ಚಳ ಹಾಕಿದರು. ಮೇಲೆ ಕಸೂತಿಯ ಬಟ್ಟೆ ಹೊದಿಸಿದರು. ಹಾಡಿನ ಪುಸ್ತಕಗಳಿರುವ ಬೀರುವಿನ ಕೀಲಿಕೈಯನ್ನು ತಂದು ನಮ್ಮ ಕೈಗಿತ್ತರು. "ಇನ್ನು ನನ್ನಿಂದೇನೂ ಆಗಬೇಕಾದ್ದಿಲ್ಲ ಸ್ವಾಮಿ. ಹೊಸ ಪೆಟ್ಟಿಗೆ ಬಂದೈತಲ್ಲ" ಎಂದಷ್ಟೇ ನುಡಿದು ಹೊರಟರು. ಮುಂದಿನ ಭಾನುವಾರ ಅವರು ಪೂಜೆಗೇನೋ ಬಂದರು. ಆದರೆ ಕುಳಿತದ್ದು ಹಿಂದಿನ ಬಾಗಿಲ ಬಳಿ.

ಹೇಮಾವತಿ ಜಲಾಶಯಕ್ಕಾಗಿ ಊರು ಬಿಟ್ಟು ಬಂದ ಕುಟುಂಬ ಅವರದು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಶೆಟ್ಟಿಹಳ್ಳಿಯ ಜಪಸರಮಾತೆಯ ದೇವಾಲಯವು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಎದ್ದುನಿಲ್ಲುವ ದೃಶ್ಯವನ್ನು ಓದುಗರು ಕಂಡಿರಬಹುದು. ಆ ನೀರಿನ ಆಸುಪಾಸಿನಿಂದ ಎತ್ತಿನ ಗಾಡಿಯಲ್ಲಿ ಪಾತ್ರೆ ಪಡಗಗಳ ನಡುವೆ ಬಂದ ಹಾರ್ಮೋನಿಯಂ ಅದು. ಅದು ಮೂಕವಾದದ್ದನ್ನು ನಾವು ಲಘುವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಹೊಸ ಪೆಟ್ಟಿಗೆಯನ್ನು ತಂದವನು ನಮ್ಮ ಗಾನವೃಂದದಲ್ಲಿ ಗಿಟಾರ್ ನುಡಿಸುವ ಹೊಳೆನರಸೀಪುರದ ತರುಣ. ಎರಡು ವರ್ಷ ಕೂಡಿಟ್ಟ ಹಣದಲ್ಲಿ, ಬೆಂಗಳೂರಿನಲ್ಲಿ ಒಬ್ಬರು ಬಳಸಿ ಮಾರಿದ್ದನ್ನು ಕೊಂಡು, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದ. ಅದರ ಹೆಸರು ಕಟಾನ. ಜಪಾನೀ ಭಾಷೆಯಲ್ಲಿ ಖಡ್ಗ ಎಂದರ್ಥ. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಬಾಸ್ ಎಂಬ ವಿಭಾಗ 2016ರಲ್ಲಿ ಹೊರತಂದ ಗಿಟಾರ್ ಆಂಪ್ಲಿಫೈಯರ್ ಇದು. ದೇವಾಲಯದೊಳಕ್ಕೆ ಖಡ್ಗ ಬಂದಿತೆಂದು ನಾವು ಆಗ ತಮಾಷೆ ಮಾಡಿದ್ದುಂಟು. ಆ ತಮಾಷೆ ನಿಜವಾಗಲು ಒಂದು ತಿಂಗಳೂ ಹಿಡಿಯಲಿಲ್ಲ.

ವಾದಕರಲ್ಲದ ಓದುಗರಿಗಾಗಿ ಇಲ್ಲಿ ಕೊಂಚ ವಿವರಣೆ ಬೇಕು. ವಿದ್ಯುತ್ ಗಿಟಾರಿನ ತಂತಿಯು ಅಯಸ್ಕಾಂತದ ಸುರುಳಿಯ ಮೇಲೆ ಕಂಪಿಸಿದಾಗ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವುದು ಆಂಪ್ಲಿಫೈಯರಿನ ಕೆಲಸ. ಹಿಂದೆ ಇದನ್ನು ನಮ್ಮ ತಂದೆಯವರ ಕಾಲದ ರೇಡಿಯೊಗಳಲ್ಲಿದ್ದಂತಹ ಗಾಜಿನ ವಾಲ್ವುಗಳು ಮಾಡುತ್ತಿದ್ದವು. ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿದರೆ ನಾದ ಸ್ವಲ್ಪ ಕೆಡುತ್ತದೆ. ಆದರೆ ಚೂಪಾಗಿ ಒಡೆಯದೆ ಮೆಲ್ಲನೆ ದುಂಡಗಾಗಿ ಕೆಡುತ್ತದೆ. ಇಂಜಿನಿಯರುಗಳು ದೋಷವೆಂದು ಕರೆದ ಈ ಕೆಡುಕನ್ನೇ 1960ರ ದಶಕದ ವಾದಕರು ಸೌಂದರ್ಯವೆಂದು ಅಪ್ಪಿಕೊಂಡರು. ತೊಡಕೆಂದರೆ, ಆ ಸೊಗಸು ಹೊರಡುವುದು ಪೆಟ್ಟಿಗೆಯನ್ನು ಕಿವಿಗಡಚಿಕ್ಕುವಂತೆ ಕೂಗಿಸಿದಾಗ ಮಾತ್ರ. ಜೊತೆಗೆ ಅದರ ಬೆಲೆ ನಮ್ಮ ಊರುಗಳ ಯುವಕರ ಕೈಗೆಟಕುವುದಲ್ಲ.

ಮಾಡೆಲಿಂಗ್ ಎಂಬ ತಂತ್ರ ಹುಟ್ಟಿದ್ದು ಈ ಎರಡು ತೊಡಕುಗಳಿಂದ. ತಂತಿಯ ಕಂಪನವನ್ನು ಅಂಕಿಗಳಾಗಿ ಮಾರ್ಪಡಿಸಿ, ವಾಲ್ವು, ಟ್ರಾನ್ಸ್‌ಫಾರ್ಮರು, ಸ್ಪೀಕರುಗಳಿದ್ದಿದ್ದರೆ ಅವು ಹೇಗೆ ವರ್ತಿಸುತ್ತಿದ್ದವೆಂಬುದನ್ನು ಒಂದು ಚಿಪ್ಪು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ, ಮತ್ತೆ ಅದನ್ನು ನಾದವಾಗಿಸುತ್ತದೆ. 1995ರಲ್ಲಿ ರೋಲ್ಯಾಂಡ್ ಸಂಸ್ಥೆಯ ವಿಜಿ-8, ಮರುವರ್ಷ ಅಮೆರಿಕದ ಲೈನ್ 6 ಸಂಸ್ಥೆಯ ಆಂಪ್ಲಿಫೈಯರ್, 2001ರಲ್ಲಿ ವಾಕ್ಸ್ ಸಂಸ್ಥೆಯ ವಾಲ್ವ್‌ಟ್ರಾನಿಕ್ಸ್ ಬಂದವು. ಕಟಾನದ ಹೊತ್ತಿಗೆ ಆ ವಿದ್ಯೆ ಅಗ್ಗವಾಗಿತ್ತು. ಅದರ ಮೊದಲ ತಲೆಮಾರಿನ ಗುಂಡಿಯಲ್ಲಿ ಐದು ದನಿಗಳಿವೆ: ಅಕೂಸ್ಟಿಕ್, ಕ್ಲೀನ್, ಕ್ರಂಚ್, ಲೀಡ್, ಬ್ರೌನ್. ಕೊನೆಯದು ಎಡ್ಡಿ ವ್ಯಾನ್ ಹ್ಯಾಲೆನ್ (1955-2020) ಎಂಬ ವಾದಕನಿಂದ ಪ್ರಸಿದ್ಧವಾದ ಗರ್ಜನೆಯ ಜಾತಿಗೆ ಸೇರಿದ್ದು. ನಮ್ಮ ತರುಣ ಕಾಣಿಕೆಯ ಹಾಡಿಗೆ ಅದನ್ನೇ ಹಚ್ಚಿದ್ದನೆಂದು ಆಮೇಲೆ ತಿಳಿಯಿತು.

ಮೇಷ್ಟ್ರು ಹಿಂದಿನ ಬೆಂಚಿಗೆ ಹೋದ ಮೇಲೆ ನಮ್ಮ ಮನಸ್ಸಿಗೆ ಸಮಾಧಾನವಿರಲಿಲ್ಲ. ಆದ್ದರಿಂದ ತಪಸ್ಸುಕಾಲಕ್ಕೆ ಮುನ್ನ ಒಂದು ಶನಿವಾರ, ಇಂತಹದೇ ಪೆಟ್ಟಿಗೆಯನ್ನು ಬಳಸುವ ಸುತ್ತಲಿನ ವಾದಕರನ್ನು ಕರೆಸಿ, ಕಾಫಿ ಕೊಟ್ಟು, ಅವರ ಅನುಭವ ಕೇಳಿದೆವು.

ಹಾಸನದಲ್ಲಿ ಇಂಜಿನಿಯರಿಂಗ್ ಓದುವ ವಿದ್ಯಾರ್ಥಿಗೆ ಅದು ರಾತ್ರಿಯ ಸಂಗಾತಿ. ಬಾಡಿಗೆ ಕೋಣೆಯ ಗೋಡೆಯಾಚೆ ಮಲಗಿರುವವರಿಗೆ ಕೇಳದಂತೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನುಡಿಸಬಹುದು. ಆದರೆ ಅವನೇ ಒಪ್ಪಿಕೊಂಡಂತೆ, ಕಂಪ್ಯೂಟರಿಗೆ ಜೋಡಿಸಿದರೆ ದನಿಗಳನ್ನು ತಿದ್ದಲು ಸಿಗುವ ಆಯ್ಕೆಗಳಿಗೆ ಕೊನೆಯಿಲ್ಲ. "ಫಾದರ್, ಒಂದು ತಿಂಗಳು ಬರೀ ಸೌಂಡ್ ಹುಡುಕಿದೆ. ಒಂದೂ ಹೊಸ ಹಾಡು ಕಲಿಯಲಿಲ್ಲ" ಎಂದ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಪುಸ್ತಕಗಳನ್ನು ಜೋಡಿಸುವುದರಲ್ಲೇ ಸಂಜೆಗಳನ್ನು ಕಳೆದ ನಮಗೆ ಅವನನ್ನು ಗದರಿಸುವ ಧೈರ್ಯ ಬರಲಿಲ್ಲ.

ಅರಕಲಗೂಡಿನ ಕಡೆಯ ಯುವಕ ಆಲೂಗೆಡ್ಡೆ ಬೆಳೆಯುವವನು. ಒಂದು ಒಳ್ಳೆಯ ಫಸಲಿನಲ್ಲಿ ಇದನ್ನು ಕೊಂಡಿದ್ದ. ಹಿಂದಿನ ಸೀಟಿಗೆ ಕಟ್ಟಿಕೊಂಡು ಬೈಕಿನಲ್ಲಿ ಊರೂರು ಸುತ್ತಿದರೂ ಕೆಟ್ಟಿಲ್ಲ, ವಾಲ್ವು ಒಡೆಯುವ ಭಯವಿಲ್ಲ ಎಂದು ಹೊಗಳಿದ. ಅವನ ಕಷ್ಟ ಬೇರೆಯದು. ಒಂದು ಹಳೆಯ ಪ್ರಾರ್ಥನಾಲಯದಲ್ಲಿ ನುಡಿಸುವಾಗ ಗುಂಯ್ ಎಂಬ ಸದ್ದು ನಿಲ್ಲಲೇ ಇಲ್ಲ. ಹಾಡಲು ಮೈಕಿಗೆ ತುಟಿ ತಾಗಿಸಿದಾಗ ಶಾಕ್ ಹೊಡೆಯಿತು. ಇದು ಪೆಟ್ಟಿಗೆಯ ತಪ್ಪಲ್ಲ. ಅಲ್ಲಿಯ ವೈರಿಂಗಿನಲ್ಲಿ ಅರ್ಥಿಂಗ್ ಇರಲಿಲ್ಲ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವಾಗ ವಾದಕನ ದೇಹವೇ ವಿದ್ಯುತ್ತಿನ ದಾರಿಯಾಗುತ್ತದೆ. ಹೀಗೆ ಪ್ರಾಣ ಹೋದದ್ದೂ ಲೋಕದಲ್ಲಿ ಉಂಟು. ಇದ್ದಿಲು ಉಪ್ಪು ತುಂಬಿದ ಗುಂಡಿಯಲ್ಲಿ ಅರ್ಥಿಂಗ್ ಕೊಡಿಸಿದ ಮೇಲೆ ಶಾಕೂ ಹೋಯಿತು, ಸದ್ದೂ ಬಹುಮಟ್ಟಿಗೆ ಅಡಗಿತು. ದೇವಾಲಯಗಳ ಮೇಲ್ವಿಚಾರಕರು ಈ ಮಾತನ್ನು ದಯವಿಟ್ಟು ಗಮನಿಸಬೇಕು. ಬಣ್ಣ ಬಳಿಸಲು ಹಣ ಹೊಂದಿಸುವವರು ಈ ಗುಂಡಿಗೂ ಹೊಂದಿಸಬಹುದು.

ಎಲ್ಲರಿಗಿಂತ ಉಪಯುಕ್ತವಾಗಿ ಮಾತನಾಡಿದವರು ಚನ್ನರಾಯಪಟ್ಟಣದ ಶಾಲೆಯೊಂದರ ಅಧ್ಯಾಪಕಿ. ಮರದ ಗಿಟಾರಿಗೆ ಪಿಕಪ್ ಜೋಡಿಸಿಕೊಂಡು ಅಕೂಸ್ಟಿಕ್ ದನಿಯೊಂದನ್ನೇ ಅವರು ಬಳಸುವುದು. ಉಳಿದ ನಾಲ್ಕನ್ನು ಮುಟ್ಟಿಯೇ ಇಲ್ಲವಂತೆ. ಅವರು ನಮ್ಮ ತರುಣನ ಪೆಟ್ಟಿಗೆಯ ಹಿಂಭಾಗವನ್ನು ತಿರುಗಿಸಿ ಒಂದು ಸ್ವಿಚ್ಚನ್ನು ತೋರಿಸಿದರು. ಅದರಲ್ಲಿ ಮೂರು ಮೆಟ್ಟಿಲುಗಳಿವೆ: 50 ವ್ಯಾಟ್, 25 ವ್ಯಾಟ್, ಅರ್ಧ ವ್ಯಾಟ್. ನಮ್ಮವನು ಅದನ್ನು 50ರಿಂದ ಎಂದೂ ಇಳಿಸಿರಲಿಲ್ಲ. ನಮ್ಮ ಕಿವಿಯ ಲೆಕ್ಕ ವಿಚಿತ್ರವಾದದ್ದು. ಶಕ್ತಿ ಹತ್ತು ಪಟ್ಟಾದರೆ ಸದ್ದು ಸುಮಾರು ಎರಡು ಪಟ್ಟಾದಂತೆ ತೋರುತ್ತದೆ. 50ರಿಂದ ಅರ್ಧಕ್ಕೆ ಇಳಿಸಿದರೆ ಶಕ್ತಿ ನೂರರಲ್ಲೊಂದು ಪಾಲಾಗುತ್ತದೆ, ಕಿವಿಗೆ ಮಾತ್ರ ಕಾಲು ಭಾಗದಷ್ಟು ಉಳಿದಂತೆ ಕೇಳುತ್ತದೆ. ಅರ್ಧ ವ್ಯಾಟ್ ಎಂದರೆ ಮೌನವಲ್ಲ. ಇಪ್ಪತ್ತು ಕಂಠಗಳ ಗಾನವೃಂದಕ್ಕೆ ಅದೇ ಯಥೇಚ್ಛ.

ಆಮೇಲೆ ಅವರು ನಮ್ಮ ಹಾರ್ಮೋನಿಯಮ್ಮಿನ ಬಟ್ಟೆ ಸರಿಸಿ ಒಂದು ಮನೆಯನ್ನು ಒತ್ತಿ, ತರುಣನಿಗೆ ಅದೇ ಸ್ವರವನ್ನು ಮೀಟಲು ಹೇಳಿದರು. ಎರಡೂ ಸೇರಿ ಅಲೆಅಲೆಯಾಗಿ ನಡುಗಿದವು. ಕಾರಣ ಹೊರಬಿತ್ತು. ಹಳೆಯ ಪೆಟ್ಟಿಗೆಯ ಶ್ರುತಿ, ಇಂದು ಅಂತರರಾಷ್ಟ್ರೀಯ ಪ್ರಮಾಣವಾಗಿರುವ 440 ಕಂಪನಗಳ ಶ್ರುತಿಗಿಂತ ಕೂದಲೆಳೆಯಷ್ಟು ಮೇಲಿತ್ತು. ತರುಣನು ಗಿಟಾರಿನ ತಲೆಗೆ ಸಿಕ್ಕಿಸಿದ ಟ್ಯೂನರು ತೋರಿಸಿದಂತೆ ಪ್ರಮಾಣಬದ್ಧವಾಗಿ ಶ್ರುತಿ ಮಾಡುತ್ತಿದ್ದ. ಮೈಕಿಲ್ಲದ ಮರದ ಗಿಟಾರ್ ಇದ್ದಷ್ಟು ಕಾಲ ಈ ವ್ಯತ್ಯಾಸ ಯಾರಿಗೂ ಕೇಳಿಸಿರಲಿಲ್ಲ. ಹೊಸ ಪೆಟ್ಟಿಗೆ ಅದನ್ನು ಎತ್ತಿ ತೋರಿಸಿತು. ಕರ್ಕಶವನ್ನು ಮುಚ್ಚಲು ಹುಡುಗ ದನಿ ಏರಿಸಿದ. ತಮ್ಮ ಸ್ವರ ತಮಗೇ ಕೇಳದೆ ಮೇಷ್ಟ್ರು ತಿದಿಯನ್ನು ಇನ್ನಷ್ಟು ಬಲವಾಗಿ ಒತ್ತಿದರು. ಇಬ್ಬರೂ ಮತ್ತೊಬ್ಬರು ಬೇಕೆಂದೇ ತಮ್ಮನ್ನು ತುಳಿಯುತ್ತಿದ್ದಾರೆಂದು ನಂಬಿದ್ದರು. ಬಲಿಪೀಠದ ಬಳಿ ನಿಂತಿದ್ದ ನಾವು, ಹಳಬರಿಗೂ ಹೊಸಬರಿಗೂ ಜಗಳವೆಂದು ಅಷ್ಟೇ ಸುಲಭವಾಗಿ ನಂಬಿದ್ದೆವು.

ಆದರೂ ಮೇಷ್ಟ್ರ ಆಕ್ಷೇಪದಲ್ಲಿ ಶ್ರುತಿಗಿಂತ ಆಳವಾದುದೊಂದಿತ್ತು. ಅವರ ಮನೆಗೆ ಹೋದಾಗ ಅದನ್ನೂ ಹೇಳಿದರು: "ಅದು ಸುಳ್ಳು ದನಿ ಸ್ವಾಮಿ. ಇಲ್ಲದ್ದನ್ನ ಇದ್ದಂಗೆ ತೋರಿಸ್ತದೆ. ದೇವರ ಮುಂದೆ ಸುಳ್ಳು ನುಡಿಸಬೋದಾ?" ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದ ಹತ್ತನೆಯ ಭಾಗದಲ್ಲಿ ಅನುಕರಣೆಯನ್ನು ಸಂಶಯಿಸಿದ್ದು ಇದೇ ಧಾಟಿಯಲ್ಲಿ. ಅವನ ಶಿಷ್ಯ ಅರಿಸ್ಟಾಟಲನಾದರೋ, ಅನುಕರಣೆ ಮನುಷ್ಯನ ಸಹಜ ಗುಣ, ನಾವು ಮೊದಲು ಕಲಿಯುವುದೇ ಅದರಿಂದ ಎಂದ. ನಾವು ಈ ವಿಷಯದಲ್ಲಿ ಅರಿಸ್ಟಾಟಲನ ಪಕ್ಷ. ಅದಕ್ಕೆ ಸಾಕ್ಷಿ ಬೇರೆಲ್ಲೂ ಇರಲಿಲ್ಲ, ಮೇಷ್ಟ್ರ ಪೆಟ್ಟಿಗೆಯಲ್ಲೇ ಇತ್ತು. 1842ರಲ್ಲಿ ಪ್ಯಾರಿಸಿನ ಅಲೆಕ್ಸಾಂಡರ್ ದಬೆಯ್ನ್ ಹಕ್ಕುಪತ್ರ ಪಡೆದ ಹಾರ್ಮೋನಿಯಂ, ದೊಡ್ಡ ಕೊಳವೆಯ ಆರ್ಗನ್ನನ್ನು ಕೊಳ್ಳಲಾಗದ ಬಡ ದೇವಾಲಯಗಳ ಪಾಲಿಗೆ ಅದರ ಅಗ್ಗದ ಬದಲಿಯಾಗಿ ಹರಡಿತು. ಭಾರತದಲ್ಲಿಯೂ ಅದನ್ನು ಎಲ್ಲರೂ ಕೂಡಲೇ ಒಪ್ಪಲಿಲ್ಲ. 1940ರಿಂದ 1971ರವರೆಗೆ ಆಕಾಶವಾಣಿ ಅದಕ್ಕೆ ಬಾಗಿಲು ಮುಚ್ಚಿತ್ತು. ಅರಕಲಗೂಡು ತಾಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ, ಆರ್.ಕೆ. ಶ್ರೀಕಂಠನ್ ಅವರಂತಹ ವಿದ್ವಾಂಸರನ್ನು ಕೊಟ್ಟ ರುದ್ರಪಟ್ಟಣವು ಸಂಗೀತಗ್ರಾಮವೆಂದೇ ಹೆಸರಾಗಿದೆ. ಆ ಕರ್ನಾಟಕ ಸಂಗೀತದ ವೇದಿಕೆಗಳಲ್ಲಿಯೂ ಇಂದು ಬೆಂಗಳೂರಿನ ರಾಡೆಲ್ ಸಂಸ್ಥೆಯಂತಹವರು ತಯಾರಿಸುವ ಎಲೆಕ್ಟ್ರಾನಿಕ್ ತಂಬೂರಿ ಮಿಡಿಯುವುದುಂಟು. ಅದೂ ಅನುಕರಣೆಯೇ. ಅದರ ಆಧಾರದ ಮೇಲೆ ಹಾಡುವ ಕಂಠ ಸುಳ್ಳಾಗುವುದಿಲ್ಲ.

ಧರ್ಮಸಭೆಯ ಮಾತೇನು? ಈ ವಿಚಾರದಲ್ಲಿ ಅದು ಯಾವಾಗಲೂ ಉದಾರವಾಗಿತ್ತೆಂದು ಹೇಳಲಾಗದು. ಸಂತ ಥಾಮಸ್ ಅಕ್ವಿನಾಸರು ದೇವಾರಾಧನೆಯಲ್ಲಿ ಹಾಡನ್ನು ಸಮರ್ಥಿಸಿದರೂ, ವಾದ್ಯಗಳು ಮನಸ್ಸನ್ನು ಒಳ್ಳೆಯ ಸ್ಥಿತಿಗೆ ತರುವುದಕ್ಕಿಂತ ಹೆಚ್ಚಾಗಿ ಸುಖದ ಕಡೆಗೆ ಸೆಳೆಯುತ್ತವೆಂದು ಅರಿಸ್ಟಾಟಲನನ್ನೇ ಮುಂದಿಟ್ಟು ಬರೆದರು. (ನಮ್ಮ ಪಕ್ಷದವನೇ ನಮಗೆ ಕೈಕೊಟ್ಟ ಪ್ರಸಂಗವಿದು.) 1903ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು ಪಿಯಾನೋವನ್ನೂ ಡೋಲಿನಂತಹ ಗದ್ದಲದ ವಾದ್ಯಗಳನ್ನೂ ದೇವಾಲಯದಲ್ಲಿ ನಿಷೇಧಿಸಿದರು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ತನ್ನ ಆರಾಧನಾವಿಧಿಯ ಸಂವಿಧಾನದಲ್ಲಿ ಆರ್ಗನ್ನಿಗೆ ಹಿರಿಯ ಸ್ಥಾನ ಕೊಟ್ಟು, ಪವಿತ್ರ ಬಳಕೆಗೆ ತಕ್ಕವಾದ ಇತರ ವಾದ್ಯಗಳಿಗೂ ಸ್ಥಳೀಯ ಅಧಿಕಾರದ ಒಪ್ಪಿಗೆಯ ಮೇರೆಗೆ ಬಾಗಿಲು ತೆರೆಯಿತು. 1967ರ ಮಾರ್ಚ್ 5ರ 'ಮುಸಿಕಾಮ್ ಸಾಕ್ರಾಮ್' ಸೂಚನೆ ನಮ್ಮ ಪ್ರಕರಣಕ್ಕೆ ಹೇಳಿಬರೆಸಿದಂತಿದೆ: ವಾದ್ಯ ಕಂಠಗಳಿಗೆ ಆಸರೆಯಾಗಬೇಕು, ಪದಗಳು ಕೇಳದಂತೆ ಅವುಗಳನ್ನು ಮುಳುಗಿಸಬಾರದು. ಆಂಪ್ಲಿಫೈಯರಿನ ಹೆಸರನ್ನು ಅಲ್ಲಿ ಎತ್ತಿಲ್ಲ. ಎತ್ತಬೇಕಾದ ಅಗತ್ಯವೂ ಇಲ್ಲ. ಸಂತ ಅಗಸ್ಟೀನರು ತಮ್ಮ 'ಅರಿಕೆಗಳು' ಗ್ರಂಥದಲ್ಲಿ, ಹಾಡಿನ ಅರ್ಥಕ್ಕಿಂತ ದನಿಯೇ ತಮ್ಮನ್ನು ಹೆಚ್ಚು ಕಲಕಿದಾಗ ತಾವು ತಪ್ಪಿದಂತೆಯೇ ಎಂದು ನೊಂದುಕೊಂಡರು. ಐದು ದನಿಗಳ ಗುಂಡಿ ಅವರ ಕೈಗೆ ಸಿಕ್ಕಿರಲಿಲ್ಲವೆಂಬುದು ನಮಗೆ ಒಂದು ಸಮಾಧಾನ.

ತಪಸ್ಸುಕಾಲದ ನಿಯಮ ನಮ್ಮ ನೆರವಿಗೆ ಬಂತು. ಆ ದಿನಗಳಲ್ಲಿ, ನಾಲ್ಕನೆಯ ಭಾನುವಾರ ಹಾಗೂ ಮಹೋತ್ಸವ ಹಬ್ಬಗಳನ್ನು ಬಿಟ್ಟರೆ, ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ನುಡಿಯಬೇಕು, ಒಂಟಿಯಾಗಿ ಮೆರೆಯುವಂತಿಲ್ಲ. ನಾವು ತರುಣನಿಗೆ ಮೂರು ಕೆಲಸ ಹೇಳಿದೆವು. ಪೆಟ್ಟಿಗೆ ಅರ್ಧ ವ್ಯಾಟಿನಲ್ಲಿರಲಿ. ಅದನ್ನು ನೆಲದ ಮೇಲಿಟ್ಟು ಮೊಣಕಾಲಿಗೆ ನುಡಿಸದೆ, ಸ್ಟೂಲಿನ ಮೇಲೆ ಓರೆಯಾಗಿಟ್ಟು ತನ್ನ ಕಿವಿಗೆ ಮೊದಲು ಕೇಳಿಸಿಕೊಳ್ಳಲಿ. ಇಲ್ಲವಾದರೆ ಎರಡನೆಯ ಸಾಲಿನ ಅಜ್ಜಿಗೆ ಸಿಡಿಲು, ನುಡಿಸುವವನಿಗೆ ಪಿಸುಮಾತು. ಮೂರನೆಯದು ಟ್ಯೂನರನ್ನು ಕುರಿತದ್ದು. ಅದನ್ನು ಜೇಬಿನಲ್ಲಿಟ್ಟು, ಹಾರ್ಮೋನಿಯಮ್ಮಿನ ಸ್ವರಕ್ಕೆ ಕಿವಿಯಿಂದಲೇ ಆರೂ ತಂತಿಗಳನ್ನು ಕೂಡಿಸಲಿ. ಹಾರ್ಮೋನಿಯಮ್ಮಿನ ಪೀಪಿಗಳನ್ನು ಕೆರೆದು ಶ್ರುತಿ ಬದಲಿಸುವುದು ನುರಿತವರ ಕೆಲಸ. ತಂತಿಯನ್ನು ಬಿಗಿಯುವುದು ಅರ್ಧ ನಿಮಿಷದ್ದು. ಬಾಗಬಲ್ಲವನು ಬಾಗಲಿ ಎಂಬುದಷ್ಟೇ ನಮ್ಮ ತರ್ಕ.

ಮೂರನೆಯದಕ್ಕೆ ಅವನು ಮುಖ ಸಿಂಡರಿಸಿದ. "ಫಾದರ್, ಅದು ತಪ್ಪು ಶ್ರುತಿ" ಎಂದ. ಯಾವುದಕ್ಕೆ ಹೋಲಿಸಿದರೆ ತಪ್ಪು ಎಂದು ಕೇಳಿದೆವು. ಒಂದು ವಾರ ಉತ್ತರ ಬರಲಿಲ್ಲ. ತಪಸ್ಸುಕಾಲದ ಎರಡನೆಯ ಶನಿವಾರ ಸಂಜೆ ಗಿಟಾರನ್ನೂ ಪೆಟ್ಟಿಗೆಯನ್ನೂ ಹೊತ್ತು ತಾನೇ ಮೇಷ್ಟ್ರ ಮನೆಗೆ ಹೋದ. ದಾರಿ ತೋರಿಸುವ ನೆಪದಲ್ಲಿ ನಾವೂ ಹಿಂದೆ ಹೋದೆವು. "ಮೇಷ್ಟ್ರೇ, ಶ್ರುತಿ ಕೊಡ್ತೀರಾ?" ಎಂದು ಕೇಳಿದ. ಅವರು ದೇವಾಲಯದವರೆಗೆ ಮಾತಿಲ್ಲದೆ ನಡೆದು ಬಂದರು. ಕಸೂತಿಯ ಬಟ್ಟೆಯನ್ನು ಮಡಿಸಿ ಬದಿಗಿಟ್ಟು, ಒಂದೊಂದೇ ಮನೆಯನ್ನು ಒತ್ತಿ ಹಿಡಿದರು. ಅವನು ಒಂದೊಂದೇ ತಂತಿಯನ್ನು ಏರಿಸಿದ. ಅಲೆ ನಿಂತಾಗ ಇಬ್ಬರೂ ಒಟ್ಟಿಗೆ ತಲೆ ಎತ್ತಿದರು.

ಆಮೇಲೆ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಹೊಸ ಪೆಟ್ಟಿಗೆಯ ಗುಂಡಿಗಳನ್ನು ಬಹಳ ಹೊತ್ತು ನೋಡಿದರು. ಕ್ಲೀನ್, ಕ್ರಂಚ್ ಎಲ್ಲವನ್ನೂ ಹುಡುಗನಿಂದ ಮೆಲ್ಲನೆ ನುಡಿಸಿ ಕೇಳಿದರು. ಬ್ರೌನಿಗೆ ಮಾತ್ರ ಕೈ ಅಡ್ಡ ಮಾಡಿದರು.

"ಇದ್ರೊಳಗೆ ಹಾರ್ಮೋನಿಯಂ ದನೀನೂ ಐತೇನಪ್ಪ?"

"ಇಲ್ಲ ಮೇಷ್ಟ್ರೇ."

"ಹಂಗಾದ್ರೆ ಸರಿ" ಎಂದು ನಮ್ಮ ಕಡೆ ತಿರುಗಿ, ಬೀರುವಿನ ಕೀಲಿಕೈಗಾಗಿ ಕೈ ಚಾಚಿದರು.